ಯೂನಿಫಾರಂ

ಬಟ್ಟೆಗಳೂ ಮಾತುಗಳೂ ನಾಡಿನಿಂದ ನಾಡಿಗೆ ಸಂಚರಿಸುತ್ತವೆ. ವರ್ತಕನ ಗಂಟಿನಲ್ಲಿ ಬಟ್ಟೆ ಬಂದರೆ ಅವನ ನಾಲಗೆಯ ಮೇಲೆ ಅದರ ಹೆಸರು ಬರುತ್ತದೆ. ಬಟ್ಟೆ ಸವೆದು ಹರಿದುಹೋದ ಮೇಲೂ ಹೆಸರು ಉಳಿಯುವುದುಂಟು. ಆದುದರಿಂದ ಒಂದು ಊರಿನ ಜನರು ತಾವು ತೊಡುವ ಉಡುಪುಗಳನ್ನು ಯಾವ ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದನ್ನು ಗಮನಿಸಿದರೆ, ಆ ಊರಿನ ಚರಿತ್ರೆಯ ಅನೇಕ ಸಂಗತಿಗಳು ತಾವಾಗಿಯೇ ತಿಳಿದುಬರುತ್ತವೆ.

ಹೆಸರಿನಲ್ಲಿಯೇ ಕಲ್ಲನ್ನಿಟ್ಟುಕೊಂಡಿರುವ ಕೊಡೇಕಲ್ ಹಿಂದೆ ಗುಲಬರ್ಗಾ ಜಿಲ್ಲೆಯ ಸುರಪುರ ತಾಲ್ಲೂಕಿಗೆ ಸೇರಿದ್ದಿತು. ಈಗ ಯಾದಗಿರಿ ಜಿಲ್ಲೆಯ ಹುಣಸಗಿ ತಾಲ್ಲೂಕಿನಲ್ಲಿದೆ. ಸುರಪುರದ ನಾಯಕರ ಆಳ್ವಿಕೆಯನ್ನು ಕಂಡ ಈ ಸೀಮೆ ಅನಂತರ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1948ರಲ್ಲಿ ಆ ಸಂಸ್ಥಾನದೊಡನೆ ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಕನ್ನಡ ನಾಡನ್ನು ಕೂಡಿಕೊಂಡಿತು. ಇಲ್ಲಿಯ ದರ್ಜಿಯ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಈ ಚರಿತ್ರೆಯೆಲ್ಲವೂ ಕಿವಿಗೆ ಬೀಳುತ್ತದೆ. ಅಂಗಿ ಎಂಬುದು ಅಂಗದಿಂದ ಹುಟ್ಟಿದ ಮಾತು. ದರ್ಜಿ ಎಂಬ ಮಾತು ಪಾರಸಿಯದು. ಆ ಭಾಷೆಯಲ್ಲಿ ದರ್ಜ್ ಎಂದರೆ ಹೊಲಿಗೆ. ಅಂಗಿಗೆ ಅವನು ಇಡುವ ಕಿಸೆಯೂ ಪಾರಸಿಯದೇ. ಗುಂಡಿಯನ್ನು ತೂರಿಸುವ ಕಾಜಾ ಪೋರ್ಚುಗೀಸರ ಕಾಸಾ ಎಂಬ ಮಾತಿನಿಂದ ಬಂದುದು. ಅವರ ನುಡಿಯಲ್ಲಿ ಅದಕ್ಕೆ ಮನೆ ಎಂದು ಅರ್ಥ. ಗುಂಡಿಗೂ ಒಂದು ಮನೆ ಬೇಕೆಂಬ ಆ ಕಲ್ಪನೆ ಸೊಗಸಾದುದು. ಪಾರಸಿಯಲ್ಲಿ ಮುಖವನ್ನು ಒರೆಸಿಕೊಳ್ಳುವ ಬಟ್ಟೆಗೆ ಹೆಸರಾಗಿದ್ದ ರುಮಾಲು ಇಲ್ಲಿಯ ರೈತನ ತಲೆಯನ್ನೇರಿ ಕುಳಿತಿದೆ. ಮುಖ ಒರೆಸುವ ಕೆಲಸವನ್ನು ಕೈಗೆ ಸಂಬಂಧಿಸಿದ ದಸ್ತಿ ವಹಿಸಿಕೊಂಡಿದೆ. ಇಂಗ್ಲಿಷಿನ ಡ್ರೆಸ್ ಎಂಬುದಂತೂ ಕನ್ನಡದ ನಾಲಗೆಯ ಮೇಲೆ ಮೃದುವಾಗಿ ದಿರಿಸು ಎಂದಾಗಿ, ಬೇರೆ ಮನೆಯಿಂದ ಬಂದುದೆಂಬ ಗುರುತೇ ಇಲ್ಲದಂತೆ ಬೆರೆತುಹೋಗಿದೆ.

ಹೀಗೆ ಬಂದು ಸೇರಿದ ಮಾತುಗಳ ನಡುವೆ, ಬಂದು ಬಹುಕಾಲವಾದರೂ ತನ್ನ ಪರದೇಶದ ಉಡುಪನ್ನು ಕಳಚದೆಯೇ ಉಳಿದ ಒಂದು ಮಾತು ಇದೆ. ಅದು ಯೂನಿಫಾರಂ. ಪ್ರತಿವರ್ಷ ಮುಂಗಾರಿನೊಡನೆ ಶಾಲೆಗಳ ಬಾಗಿಲು ತೆರೆಯುವಾಗ ಈ ಮಾತು ಊರಿನ ಓಣಿ ಓಣಿಗಳಲ್ಲಿ ಕೇಳಿಬರುತ್ತದೆ. ಅಕ್ಷರ ಬಾರದ ಅಜ್ಜಿಯೂ ಇದನ್ನು ನುಡಿಯುತ್ತಾಳೆ, ದರ್ಜಿಯೂ ನುಡಿಯುತ್ತಾನೆ. ಇದರ ಅರ್ಥವೇನೆಂದು ಕೇಳಿದರೆ, ಶಾಲೆಯ ಬಟ್ಟೆ ಎಂದು ಒಂದೇ ಉಸಿರಿಗೆ ಉತ್ತರ ದೊರೆಯುತ್ತದೆ. ಉತ್ತರ ತಪ್ಪಲ್ಲ, ಆದರೆ ಅದರೊಳಗೆ ಇನ್ನೂ ಅನೇಕ ಮಡಿಕೆಗಳಿವೆ.

ಯೂನಿಫಾರಂ ಎಂಬುದು ಮೂಲತಃ ಲ್ಯಾಟಿನ್ ಭಾಷೆಯ ಎರಡು ಮಾತುಗಳು ಕೂಡಿ ಆದುದು. ಊನುಸ್ ಎಂದರೆ ಒಂದು. ಫೋರ್ಮಾ ಎಂದರೆ ಆಕಾರ. ಒಂದೇ ಆಕಾರವುಳ್ಳದ್ದು ಎಂಬುದೇ ಅದರ ಮೊದಲ ಅರ್ಥ. ಇಂಗ್ಲಿಷಿನಲ್ಲಿಯೂ ಅದು ಮೊದಲು ವಿಶೇಷಣವಾಗಿಯೇ ಬಳಕೆಗೆ ಬಂದಿತು. ಎಲ್ಲ ಕಡೆಯೂ ಒಂದೇ ದಪ್ಪವಾಗಿರುವ ಹಲಗೆ, ಏರಿಳಿತವಿಲ್ಲದ ವೇಗ, ಎಲ್ಲರಿಗೂ ಒಂದೇ ಆಗಿರುವ ನಿಯಮ, ಇವೆಲ್ಲವನ್ನೂ ಆ ಭಾಷೆಯವರು ಯೂನಿಫಾರಂ ಎಂದು ಬಣ್ಣಿಸಿದರು. ಅನಂತರ, ಒಂದು ಸೈನ್ಯದ ಯೋಧರೆಲ್ಲರೂ ತೊಡುವ ಒಂದೇ ಬಗೆಯ ಉಡುಪಿಗೆ ಅದೇ ಹೆಸರಾಯಿತು. ಗುಣವನ್ನು ಹೇಳುತ್ತಿದ್ದ ಮಾತು ವಸ್ತುವನ್ನು ಹೇಳತೊಡಗಿತು. ಇಂದು ವಿಮಾನ ಚಾಲಕರೂ ನಾವಿಕರೂ ರೇಡಿಯೋದಲ್ಲಿ ಅಕ್ಷರಗಳನ್ನು ತಪ್ಪಿಲ್ಲದಂತೆ ತಿಳಿಸಲು ಬಳಸುವ ಅಂತರರಾಷ್ಟ್ರೀಯ ವರ್ಣಮಾಲೆಯಲ್ಲಿ, ಯು ಎಂಬ ಅಕ್ಷರಕ್ಕೆ ಈ ಮಾತನ್ನೇ ನಿಯಮಿಸಲಾಗಿದೆ. ಕೊಡೇಕಲ್ಲಿನ ಬಾಲಕನು ಶಾಲೆಗೆ ತೊಟ್ಟು ಹೋಗುವ ಬಟ್ಟೆಯ ಹೆಸರು ಹೀಗೆ ಮೋಡಗಳ ಮೇಲೆಯೂ ಸಮುದ್ರದ ನಡುವೆಯೂ ಕೇಳಿಬರುತ್ತದೆ.

ಈ ಮಾತು ಕನ್ನಡಕ್ಕೆ ಬಂದಾಗ ಒಂದು ವಿಶೇಷ ನಡೆಯಿತು. ಇಂಗ್ಲಿಷಿನಲ್ಲಿ ಒಂದೇ ಆಗಿದ್ದ ಮಾತಿಗೆ ಕನ್ನಡದ ವಿದ್ವಾಂಸರು ಎರಡು ಮಾತುಗಳನ್ನು ಕೊಟ್ಟರು. ವಿಶೇಷಣಕ್ಕೆ ಏಕರೂಪ ಎಂದರು. ಸಂವಿಧಾನದ 44ನೆಯ ಅನುಚ್ಛೇದವು ಹೇಳುವ ನಾಗರಿಕ ಸಂಹಿತೆ ಕನ್ನಡದಲ್ಲಿ ಏಕರೂಪ ನಾಗರಿಕ ಸಂಹಿತೆ. ಲ್ಯಾಟಿನ್ನಿನ ಒಂದು ಎಂಬುದು ಏಕ ಎಂದೂ, ಆಕಾರ ಎಂಬುದು ರೂಪ ಎಂದೂ ಆದವು; ಅನುವಾದ ಅಚ್ಚುಕಟ್ಟಾಗಿದೆ. ಆದರೆ ಬಟ್ಟೆಯ ವಿಷಯಕ್ಕೆ ಬಂದಾಗ ಅವರು ಏಕವಸ್ತ್ರ ಎನ್ನಲಿಲ್ಲ. ಏಕವಸ್ತ್ರವೆಂದರೆ ಒಂದೇ ಬಟ್ಟೆಯನ್ನುಟ್ಟವರ ನೆನಪು ಬರುತ್ತದೆ. ದುಃಖದ ಅಥವಾ ವ್ರತದ ನೆರಳು ಆ ಮಾತಿನ ಮೇಲೆ ಬಿದ್ದಿದೆ. ಆದುದರಿಂದಲೋ ಏನೋ, ಕನ್ನಡವು ಸಮವಸ್ತ್ರ ಎಂಬ ಮಾತನ್ನು ಆರಿಸಿಕೊಂಡಿತು. ಇಂಗ್ಲಿಷಿನ ಮಾತು ಕಣ್ಣಿಗೆ ಕಾಣುವ ಆಕಾರವನ್ನು ಕುರಿತು ಹೇಳಿದರೆ, ಕನ್ನಡದ ಮಾತು ಸಮಾನತೆಯನ್ನು ಕುರಿತು ಹೇಳಿತು. ಮೊದಲನೆಯದು ವರ್ಣನೆ, ಎರಡನೆಯದು ಒಂದು ವಾಗ್ದಾನ. ಒಂದೇ ಆಗಿರುವುದೆಲ್ಲವೂ ಸಮವೇ? ಸಮವಾಗಿರಬೇಕಾದರೆ ಒಂದೇ ಆಗಿರಬೇಕೇ? ಒಂದು ಬಟ್ಟೆಯ ಹೆಸರು ಇಷ್ಟು ದೊಡ್ಡ ಪ್ರಶ್ನೆಯನ್ನು ಎತ್ತುತ್ತದೆ.

ನಿಜಾಮನ ಕಾಲದಲ್ಲಿ ಆಡಳಿತದ ಭಾಷೆಯಾಗಿದ್ದ ಉರ್ದುವಿನಲ್ಲಿ ಇದಕ್ಕೆ ವರ್ದಿ ಎಂದು ಹೆಸರು. ಕನ್ನಡದ ಕಿವಿಗೆ ಅದು ವರದಿ ಎಂಬಂತೆ ಕೇಳಿಸುತ್ತದೆ. ಕನ್ನಡದಲ್ಲಿ ವರದಿಯೆಂದರೆ ಸುದ್ದಿ, ನಿವೇದನೆ. ಒಂದು ರೀತಿಯಿಂದ ನೋಡಿದರೆ ಈ ಹೋಲಿಕೆ ಸಾರ್ಥಕವೇ ಆಗಿದೆ. ಯೂನಿಫಾರಂ ತೊಟ್ಟವನು ಬಾಯಿ ತೆರೆಯುವ ಮೊದಲೇ ಅವನ ಬಟ್ಟೆ ಅವನನ್ನು ಕುರಿತು ವರದಿ ಒಪ್ಪಿಸಿಬಿಡುತ್ತದೆ. ಇವನು ಅಂಚೆಯವನು, ಇವಳು ದಾದಿ, ಇವನು ಬಸ್ಸಿನ ನಿರ್ವಾಹಕ, ಇವಳು ಶಾಲೆಯ ಹುಡುಗಿ ಎಂಬುದು ದೂರದಿಂದಲೇ ತಿಳಿಯುತ್ತದೆ. ಸಂತೆಯ ಗುಂಪಿನಲ್ಲಿ ದಾರಿ ತಪ್ಪಿದ ಮಗುವಿಗೆ ಈ ವರದಿ ಎಷ್ಟೋ ವೇಳೆ ಉಪಕಾರ ಮಾಡಿದೆ.

ಕನ್ನಡಿಗರು ಬಟ್ಟೆಯ ವಿಷಯದಲ್ಲಿ ಕ್ರಿಯಾಪದಗಳ ಸಿರಿವಂತರು. ಸೀರೆಯನ್ನು ಉಡುತ್ತಾರೆ, ಅಂಗಿಯನ್ನು ತೊಡುತ್ತಾರೆ, ಕಂಬಳಿಯನ್ನು ಹೊದೆಯುತ್ತಾರೆ, ರುಮಾಲನ್ನು ಸುತ್ತುತ್ತಾರೆ, ಚಪ್ಪಲಿಯನ್ನು ಮೆಟ್ಟುತ್ತಾರೆ, ಹೂವನ್ನು ಮುಡಿಯುತ್ತಾರೆ. ಇಂಗ್ಲಿಷಿನವರಿಗೆ ಬಹುಮಟ್ಟಿಗೆ ಇವೆಲ್ಲಕ್ಕೂ ಒಂದೇ ಕ್ರಿಯಾಪದ ಸಾಕು. ಆದರೆ ಯೂನಿಫಾರಂ ಎಂಬ ಮಾತು ಬಂದ ಕೂಡಲೆ ಆಡುನುಡಿಯಲ್ಲಿ ಈ ಸಿರಿಯೆಲ್ಲವೂ ಹಿಂದೆ ಸರಿದು, ಹಾಕಿಕೊಳ್ಳುವುದು ಎಂಬ ಒಂದೇ ಮಾತು ಉಳಿಯುತ್ತದೆ. ಹುಡುಗನ ಚಡ್ಡಿ, ಹುಡುಗಿಯ ಲಂಗ, ಕಾಲುಚೀಲ ಎಲ್ಲವನ್ನೂ ಹಾಕಿಕೊಳ್ಳುವುದೇ. ವಸ್ತುವಿನ ಏಕರೂಪತೆ ಅದರ ಕ್ರಿಯಾಪದಕ್ಕೂ ತಗುಲಿದಂತಿದೆ.

ಯೂನಿಫಾರಂ ಹುಟ್ಟಿದ್ದು ಶಾಲೆಗಾಗಿ ಅಲ್ಲ, ರಣರಂಗಕ್ಕಾಗಿ. ಹೊಗೆ ಧೂಳುಗಳ ನಡುವೆ ತನ್ನವರು ಯಾರು, ಎದುರಾಳಿಗಳು ಯಾರು ಎಂಬುದನ್ನು ತಿಳಿಯಲು ಬಣ್ಣವೊಂದು ಬೇಕಾಯಿತು. ಇಂಗ್ಲೆಂಡಿನಲ್ಲಿ 1645ರಲ್ಲಿ ಸಂಘಟಿತವಾದ ಸೈನ್ಯವು ಕೆಂಪು ಅಂಗಿಯನ್ನು ಧರಿಸಿತು. ಮುಂದೆ ಆ ಕೆಂಪು ಬಣ್ಣವೇ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ ಮೈಯನ್ನೇರಿ ಈ ದೇಶದ ಉದ್ದಗಲಕ್ಕೂ ಸಂಚರಿಸಿತು. ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಬ್ರಿಟಿಷರನ್ನು ಎದುರಿಸಿದಾಗ ಈ ಸೀಮೆಯ ಜನರು ಯೂನಿಫಾರಮ್ಮನ್ನು ಕಂಡದ್ದು ಎದುರಾಳಿಯ ಗುರುತಾಗಿ. ಇಂದು ತಾಯಿ ತನ್ನ ಮಗುವಿಗೆ ಮುತ್ತಿಟ್ಟು ತೊಡಿಸುವ ಬಟ್ಟೆಯ ಹೆಸರು ಒಂದು ಕಾಲದಲ್ಲಿ ಭಯವನ್ನು ಹುಟ್ಟಿಸುವ ಹೆಸರಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಕೆಂಪು ಬಣ್ಣವು ದೂರದಿಂದಲೇ ಕಣ್ಣಿಗೆ ಬೀಳುತ್ತಿದ್ದುದರಿಂದ, ಅದನ್ನು ಬಿಟ್ಟು ನೆಲದೊಡನೆ ಬೆರೆತುಹೋಗುವ ಬಣ್ಣವನ್ನು ಹುಡುಕಬೇಕಾಯಿತು. ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ 1846ರಲ್ಲಿ ಪೇಷಾವರದಲ್ಲಿ ಕಟ್ಟಿದ ಪಡೆ ಮಣ್ಣಿನ ಬಣ್ಣದ ಉಡುಪನ್ನು ಧರಿಸಿದ ಮೊದಲ ಪಡೆಗಳಲ್ಲೊಂದು. ಆ ಬಣ್ಣಕ್ಕೆ ಖಾಕಿ ಎಂದು ಹೆಸರಾಯಿತು. ಪಾರಸಿ ಮತ್ತು ಉರ್ದುಗಳಲ್ಲಿ ಖಾಕ್ ಎಂದರೆ ಧೂಳು. ಇದೇ ಕಾಲದಲ್ಲಿ, 1851ರ ಸುಮಾರಿಗೆ, ಮಂಗಳೂರಿನ ಬಲ್ಮಠದಲ್ಲಿದ್ದ ಬಾಸೆಲ್ ಮಿಷನ್ನಿನ ನೇಯ್ಗೆಯ ಕಾರ್ಖಾನೆಯಲ್ಲಿ ಹಾಲರ್ ಎಂಬ ನೇಯ್ಗೆಯ ಪರಿಣತನು ಖಾಕಿ ಬಣ್ಣವನ್ನು ಸಿದ್ಧಪಡಿಸಿದನೆಂದು ಆ ಮಿಷನ್ನಿನ ಚರಿತ್ರೆ ಹೇಳುತ್ತದೆ. 1857ರ ದಂಗೆಯ ಕಾಲದಲ್ಲಿ ಬಿಳಿಯ ಬಟ್ಟೆ ತೊಟ್ಟ ಬ್ರಿಟಿಷ್ ಸೈನಿಕರು ಚಹದ ನೀರಿನಲ್ಲಿ, ಮಣ್ಣಿನಲ್ಲಿ ಅದ್ದಿ ತಮ್ಮ ಉಡುಪನ್ನು ಧೂಳಿನ ಬಣ್ಣಕ್ಕೆ ತಿರುಗಿಸಿಕೊಂಡರು. ಹೀಗೆ ಈ ದೇಶದ ಧೂಳು ಬಟ್ಟೆಯ ಬಣ್ಣವಾಗಿ, ಬಟ್ಟೆಯ ಬಣ್ಣ ಅಧಿಕಾರದ ಬಣ್ಣವಾಯಿತು. ಕಾಲಿನ ಕೆಳಗಿನ ಧೂಳು ಹೆಗಲನ್ನೇರಿದ್ದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಕನ್ನಡದ ಪತ್ರಿಕೆಗಳು ಇಂದು ಖಾಕಿ ಎಂದರೆ ಪೊಲೀಸರು, ಖಾದಿ ಎಂದರೆ ರಾಜಕಾರಣಿಗಳು, ಕಾವಿ ಎಂದರೆ ಸನ್ಯಾಸಿಗಳು. ಬಟ್ಟೆಯನ್ನು ಹೇಳಿದರೆ ಸಾಕು, ಮನುಷ್ಯನನ್ನು ಹೇಳಿದಂತಾಯಿತು.

ಆದರೆ ಒಂದೇ ಬಣ್ಣವನ್ನು ತೊಟ್ಟವರೆಲ್ಲರೂ ಸಮಾನರೆಂದು ಭಾವಿಸಿದರೆ ಅದು ದುಡುಕಾದೀತು. ಠಾಣೆಯಲ್ಲಿ ಪೇದೆಯೂ ಖಾಕಿ ತೊಟ್ಟಿದ್ದಾನೆ, ಮೇಲಧಿಕಾರಿಯೂ ಖಾಕಿ ತೊಟ್ಟಿದ್ದಾನೆ. ಆದರೆ ಮುಖ್ಯ ಪೇದೆಯ ತೋಳಿನ ಮೇಲೆ 3 ಪಟ್ಟಿಗಳಿವೆ; ಸಬ್‌ಇನ್‌ಸ್ಪೆಕ್ಟರರ ಹೆಗಲಿನ ಮೇಲೆ 2 ನಕ್ಷತ್ರಗಳಿವೆ; ಇನ್‌ಸ್ಪೆಕ್ಟರರ ಹೆಗಲಿನ ಮೇಲೆ 3 ನಕ್ಷತ್ರಗಳಿವೆ. ಬಟ್ಟೆ ಒಂದೇ ಆದುದರಿಂದಲೇ ಈ ಪಟ್ಟಿಗಳೂ ನಕ್ಷತ್ರಗಳೂ ಅಷ್ಟು ಸ್ಪಷ್ಟವಾಗಿ ಕಾಣುತ್ತವೆ. ಸೆರೆಮನೆಯಲ್ಲಿ ಶಿಕ್ಷೆ ಅನುಭವಿಸುವವರಿಗೂ ಒಂದೇ ಬಗೆಯ ಉಡುಪು ಉಂಟು. ಅಲ್ಲಿಯ ಏಕರೂಪತೆಯನ್ನು ಯಾರೂ ಸಮಾನತೆಯೆಂದು ಹೊಗಳುವುದಿಲ್ಲ. ಏಕರೂಪವಿದ್ದೂ ಸಮತೆಯಿಲ್ಲದಿರಬಹುದು ಎಂಬುದಕ್ಕೆ ಇಷ್ಟು ಸಾಕು.

ಬಟ್ಟೆಯನ್ನು ತೊಡಿಸಿದವರು ಯಾರು ಎಂಬುದರ ಮೇಲೆಯೂ ಅದರ ಅರ್ಥ ನಿಂತಿದೆ. ಲಂಡನ್ನಿನಲ್ಲಿ 1552ರಲ್ಲಿ ಅನಾಥರಾದ ಬಡ ಮಕ್ಕಳಿಗಾಗಿ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯನ್ನು ಸ್ಥಾಪಿಸಲಾಯಿತು. ಅಲ್ಲಿಯ ಮಕ್ಕಳಿಗೆ ಉದ್ದನೆಯ ನೀಲಿ ನಿಲುವಂಗಿಯನ್ನೂ ಹಳದಿ ಕಾಲುಚೀಲವನ್ನೂ ಕೊಡುತ್ತಿದ್ದರು. ಆ ಮಾದರಿಯಲ್ಲಿ ಹುಟ್ಟಿದ ಧರ್ಮಶಾಲೆಗಳಿಗೆ ನೀಲಿ ಅಂಗಿಯ ಶಾಲೆಗಳೆಂದೇ ಹೆಸರಾಯಿತು. ಆಗ ಶಾಲೆಯ ಉಡುಪು ದಾನ ಪಡೆದವರ ಗುರುತಾಗಿತ್ತು. ಕಾಲ ಕಳೆದಂತೆ ಶ್ರೀಮಂತರ ಶಾಲೆಗಳೂ ತಮ್ಮ ತಮ್ಮ ಉಡುಪುಗಳನ್ನು ಗೊತ್ತುಮಾಡಿಕೊಂಡವು. ಬಡತನದ ಗುರುತಾಗಿದ್ದುದು ಪ್ರತಿಷ್ಠೆಯ ಗುರುತಾಯಿತು. ಬಟ್ಟೆ ಬದಲಾಗಲಿಲ್ಲ, ಅದನ್ನು ನೋಡುವ ಕಣ್ಣು ಬದಲಾಯಿತು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಕಟ್ಟಿದವರಿಗೆ ಈ ಸತ್ಯ ತಿಳಿದಿದ್ದಿತು. ಇನ್ನೊಂದು ಕಡೆ, ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಯಾವ ಅಧಿಕಾರಿಯ ಅಪ್ಪಣೆಯೂ ಇಲ್ಲದೆ ಸಾವಿರಾರು ಜನ ಖಾದಿಯ ಅಂಗಿಯನ್ನೂ ಬಿಳಿಯ ಟೋಪಿಯನ್ನೂ ಧರಿಸಿದರು. 1921ರಲ್ಲಿ ಗಾಂಧೀಜಿಯವರು ಮಧುರೆಯಲ್ಲಿ ತಮ್ಮ ಮೇಲಂಗಿಯನ್ನು ತ್ಯಜಿಸಿ ಬಡ ರೈತನ ತುಂಡು ಬಟ್ಟೆಯನ್ನುಟ್ಟರು. ತಾನಾಗಿ ಒಪ್ಪಿ ಧರಿಸಿದ ಬಟ್ಟೆಗೂ, ಒಬ್ಬರು ಹೇರಿದ ಬಟ್ಟೆಗೂ ಇರುವ ಅಂತರ ನೂಲಿನಲ್ಲಿಲ್ಲ, ಮನಸ್ಸಿನಲ್ಲಿದೆ.

ಸೈನ್ಯದಲ್ಲಿ ಹುಟ್ಟಿ, ಧರ್ಮಶಾಲೆಯಲ್ಲಿ ಬೆಳೆದ ಈ ಉಡುಪು ಕೊಡೇಕಲ್ಲಿನಂಥ ಊರಿನ ಸರ್ಕಾರಿ ಶಾಲೆಗೆ ಬಂದಾಗ ಅದಕ್ಕೆ ಮೂರನೆಯ ಒಂದು ಕೆಲಸ ದೊರೆಯಿತು. ಊರಿನ ಓಣಿಗಳು ಜಾತಿಯಿಂದ ಬೇರೆ ಬೇರೆಯಾಗಿವೆ. ಹೊಲಗಳು ಒಡೆತನದಿಂದ ಬೇರೆ ಬೇರೆಯಾಗಿವೆ. ಮನೆಗಳು ಗೋಡೆಯಿಂದ, ಮೇಲ್ಛಾವಣಿಯಿಂದ ಬೇರೆ ಬೇರೆಯಾಗಿವೆ. ಇಂಥ ಊರಿನಲ್ಲಿ ಜಮೀನ್ದಾರನ ಮಗನೂ, ಅವನ ಹೊಲದಲ್ಲಿ ದುಡಿಯುವವನ ಮಗನೂ ಒಂದೇ ಬಣ್ಣದ ಅಂಗಿ ತೊಟ್ಟು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲುವುದು ಸಣ್ಣ ಸಂಗತಿಯಲ್ಲ. ಹೊಸ ಬಟ್ಟೆಯ ಗರ್ವ ಒಬ್ಬನಿಗಿಲ್ಲ. ಹರಕು ಬಟ್ಟೆಯ ನಾಚಿಕೆ ಇನ್ನೊಬ್ಬನಿಗಿಲ್ಲ. ಹಿಂದೆ ಬಿಳಿಯ ಅಂಗಿ, ಖಾಕಿಯ ಚಡ್ಡಿ ಎಷ್ಟೋ ಶಾಲೆಗಳಲ್ಲಿ ಬಳಕೆಯಲ್ಲಿದ್ದವು. ಪೊಲೀಸರ ಖಾಕಿಯೂ ಮಕ್ಕಳ ಖಾಕಿಯೂ ಒಂದೇ ಥಾನಿನಿಂದ ಬಂದಿರಬಹುದು. ಆದರೆ ಒಂದರಲ್ಲಿ ಲಾಠಿ ಇತ್ತು, ಇನ್ನೊಂದರ ಕಿಸೆಯಲ್ಲಿ ಗೋಲಿಗಳಿದ್ದವು.

ಆದರೂ ಬಡತನವು ಬಟ್ಟೆಯೊಳಗಿನಿಂದ ಇಣುಕಿ ನೋಡದೆ ಬಿಡುವುದಿಲ್ಲ. ಮಗು ಬೆಳೆಯುತ್ತದೆಂದು ತಾಯಿ ದರ್ಜಿಗೆ ಹೇಳಿ ಚಡ್ಡಿಯ ಅಂಚಿನಲ್ಲಿ ಮಡಿಕೆ ಬಿಡಿಸಿರುತ್ತಾಳೆ. ಮರುವರ್ಷ ಆ ಮಡಿಕೆಯನ್ನು ಬಿಚ್ಚಿದಾಗ ಹೊಸ ಬಣ್ಣದ ಒಂದು ಗೆರೆ ಕಾಣಿಸಿಕೊಂಡು, ಬಟ್ಟೆಯ ವಯಸ್ಸನ್ನೂ ಮನೆಯ ಸ್ಥಿತಿಯನ್ನೂ ಒಟ್ಟಿಗೆ ಹೇಳಿಬಿಡುತ್ತದೆ. ಅಣ್ಣನ ಅಂಗಿ ತಮ್ಮನಿಗೆ ಬರುತ್ತದೆ. ಅದರ ಹೆಗಲು ತಮ್ಮನ ಮೊಣಕೈಯ ಕಡೆಗೆ ಜಾರುತ್ತದೆ. ಕಳೆದುಹೋದ ಗುಂಡಿಯ ಜಾಗದಲ್ಲಿ ಬೇರೊಂದು ಬಣ್ಣದ ಗುಂಡಿ ಕುಳಿತಿರುತ್ತದೆ. ದೂರದಿಂದ ನೋಡುವ ಸಾಹೇಬರಿಗೆ ಸಾಲು ಏಕರೂಪವಾಗಿ ಕಾಣುತ್ತದೆ. ಹತ್ತಿರ ಕುಳಿತ ಗೆಳೆಯನಿಗೆ ಎಲ್ಲವೂ ತಿಳಿದಿರುತ್ತದೆ. ಗೆಳೆಯನು ಅದನ್ನು ಕಂಡೂ ನಗದಿರುವುದನ್ನು ಕಲಿತಾಗ ಸಮವಸ್ತ್ರವು ತನ್ನ ಹೆಸರಿಗೆ ತಕ್ಕುದಾಗುತ್ತದೆ.

ಸಮವಸ್ತ್ರವು ಹೆಸರಿಗೆ ತಕ್ಕುದಾಗಬೇಕಾದರೆ ಅದು ಎಲ್ಲರಿಗೂ ದೊರೆಯಲೂ ಬೇಕು. ಕರ್ನಾಟಕದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿಯಲ್ಲಿ ಪಠ್ಯಪುಸ್ತಕಗಳೊಡನೆ ಸಮವಸ್ತ್ರದ ಬಟ್ಟೆಯನ್ನೂ ಉಚಿತವಾಗಿ ಕೊಡಲಾಗುತ್ತದೆ. 1975ರಲ್ಲಿ ಸ್ಥಾಪಿತವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ಈ ಯೋಜನೆಗೆ ಬಟ್ಟೆಯನ್ನು ಒದಗಿಸುತ್ತ ಬಂದಿದೆ. ಅದರಿಂದ ರಾಜ್ಯದ ನೇಕಾರರ ಮಗ್ಗಗಳಿಗೂ ಕೆಲಸ ದೊರೆತಿದೆ. ಆದರೆ ಒಂದು ಜೊತೆ ಬಟ್ಟೆಯಿಂದ ವಾರದ ಆರು ದಿನಗಳನ್ನು ಕಳೆಯುವುದು ಹೇಗೆಂಬುದು ಬಡ ಮನೆಯ ತಾಯಿಗೆ ಮಾತ್ರ ಗೊತ್ತು. ಸಂಜೆ ಶಾಲೆಯಿಂದ ಬಂದ ಮಗುವಿನ ಮೈಮೇಲಿನಿಂದ ಅದನ್ನು ಕಳಚಿ, ಒಗೆದು, ಹಗ್ಗದ ಮೇಲೆ ಹರವಬೇಕು. ಮಳೆಗಾಲದ ಬೆಳಗಿನಲ್ಲಿ, "ಯವ್ವಾ, ನನ್ನ ಯೂನಿಫಾರಂ ಒಣಗ್ಯಾದೇನು?" ಎಂದು ಮಗು ಕೇಳಿದರೆ, ಒಲೆಯ ಮುಂದೆ ಹಿಡಿದು ಕಾಯಿಸಿದ ಬಟ್ಟೆಯನ್ನು ತೇವವಿದ್ದಂತೆಯೇ ತೊಡಿಸಿ ಕಳುಹಿಸಬೇಕು. 2019ರಲ್ಲಿ ಕೊಪ್ಪಳ ಜಿಲ್ಲೆಯ ಒಬ್ಬ ವಿದ್ಯಾರ್ಥಿಯ ಪರವಾಗಿ ಈ ವಿಷಯವು ರಾಜ್ಯದ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಎರಡನೆಯ ಜೊತೆಯನ್ನೂ ಮಕ್ಕಳಿಗೆ ಒದಗಿಸಬೇಕೆಂದು ನ್ಯಾಯಾಲಯವು ಸರ್ಕಾರಕ್ಕೆ ಸೂಚಿಸಿತು. ಒಂದು ಅಂಗಿ, ಒಂದು ಚಡ್ಡಿಯ ಪ್ರಶ್ನೆ ಉಚ್ಚ ನ್ಯಾಯಾಲಯದವರೆಗೆ ಹೋಯಿತೆಂದು ಕೆಲವರು ಆಶ್ಚರ್ಯಪಡಬಹುದು. ಆದರೆ ಹೋದದ್ದು ಬಟ್ಟೆಯ ಪ್ರಶ್ನೆಯಲ್ಲ. ಸಮ ಎಂಬ ಮಾತಿನ ಪ್ರಶ್ನೆ. ವಾಗ್ದಾನವನ್ನು ಮಾತಿನಲ್ಲಿ ಹೊಲಿದ ಮೇಲೆ ಅದನ್ನು ಬಟ್ಟೆಯಲ್ಲಿಯೂ ಹೊಲಿದು ಕೊಡಬೇಕಾಗುತ್ತದೆ.

ಸುರಪುರ, ಶಹಾಪುರ, ಹುಣಸಗಿಗಳ ಕಪ್ಪು ಮಣ್ಣು ಹತ್ತಿಯ ಬೆಳೆಗೆ ಹೇಳಿ ಮಾಡಿಸಿದಂಥದು. ದಸರೆ ಕಳೆದು ಚಳಿ ಮೂಡುವ ಹೊತ್ತಿಗೆ ಕಾಯಿಗಳೊಡೆದು ಹೊಲವೆಲ್ಲವೂ ಬೆಳ್ಳಗಾಗುತ್ತದೆ. ಹತ್ತಿ ಬಿಡಿಸುವ ಕೆಲಸಕ್ಕೆ ಸಣ್ಣ ಕೈಗಳು ಚುರುಕೆಂದು ಎಷ್ಟೋ ಮಕ್ಕಳನ್ನು ಶಾಲೆ ಬಿಡಿಸಿ ಹೊಲಕ್ಕೆ ಕರೆದೊಯ್ಯುವುದುಂಟು. ಸುಗ್ಗಿ ಮುಗಿದ ಮೇಲೆ ಕೆಲಸವಿಲ್ಲದೆ ಕುಟುಂಬಗಳು ಬೆಂಗಳೂರಿಗೋ, ಪುಣೆಗೋ, ಮುಂಬಯಿಗೋ ಗುಳೆ ಹೋಗುತ್ತವೆ. ಅವರೊಡನೆ ಮಕ್ಕಳೂ ಹೋಗುತ್ತಾರೆ. ಆಗ ಬೀಗ ಹಾಕಿದ ಮನೆಯ ಒಳಗೆ, ಗೂಟಕ್ಕೆ ತೂಗುಹಾಕಿದ ಒಂದು ಸಮವಸ್ತ್ರ ಉಳಿಯುತ್ತದೆ. ಬಟ್ಟೆಯಾಗಬೇಕಾದ ಹತ್ತಿಯನ್ನು ಬಿಡಿಸುವ ಕೈಗಳೇ ಆ ಬಟ್ಟೆಯಿಂದ ದೂರವಾಗುತ್ತವೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದೆ, ಗೂಟದಲ್ಲಿ ಬಟ್ಟೆಯಿದೆ, ನಡುವೆ ಮಗು ಮಾತ್ರ ಇಲ್ಲ. ಸಮವಸ್ತ್ರವೊಂದು ಕಾಣಬಹುದಾದ ಅತ್ಯಂತ ದುಃಖದ ಸ್ಥಿತಿ ಇದು. ಹರಿದು ಹೋಗುವುದಕ್ಕಿಂತಲೂ, ಮಗುವಿಗೆ ಚಿಕ್ಕದಾಗುವುದಕ್ಕಿಂತಲೂ, ತೊಡುವವರಿಲ್ಲದೆ ಹೊಸದಾಗಿಯೇ ಉಳಿಯುವುದು ಹೆಚ್ಚು ನೋವಿನದು.

ಹೀಗೆ ಗುಳೆ ಹೋದವರಲ್ಲಿ ಕೆಲವರು ನಗರದಲ್ಲಿ ಇನ್ನೊಂದು ಯೂನಿಫಾರಮ್ಮನ್ನು ತೊಡುತ್ತಾರೆ. ದೊಡ್ಡ ಕಟ್ಟಡಗಳ ಬಾಗಿಲಿನಲ್ಲಿ ಕಾವಲುಗಾರನಾಗಿ ನಿಲ್ಲುವವನಿಗೆ ಗುತ್ತಿಗೆದಾರನು ಒಂದು ಅಂಗಿಯನ್ನೂ ಟೋಪಿಯನ್ನೂ ಕೊಡುತ್ತಾನೆ. ದಿನವೂ ನೂರಾರು ಜನ ಅವನೆದುರಿಗೆ ಹಾದುಹೋಗುತ್ತಾರೆ. ಅವನ ಟೋಪಿಯನ್ನು ನೋಡುತ್ತಾರೆ, ಮುಖವನ್ನು ನೋಡುವುದಿಲ್ಲ. ಅವನು ರಜೆ ಹಾಕಿ ಬೇರೊಬ್ಬನು ಅದೇ ಅಂಗಿಯನ್ನು ತೊಟ್ಟು ನಿಂತರೆ ಗುರುತಿಸುವವರು ವಿರಳ. ಊರಿನಲ್ಲಿ ಅವನಿಗೆ ಹೆಸರಿತ್ತು, ಮನೆತನವಿತ್ತು, ಹಾಡಿನಲ್ಲಿಯೋ ಕುಸ್ತಿಯಲ್ಲಿಯೋ ಕೀರ್ತಿಯಿತ್ತು. ಇಲ್ಲಿ ಬಟ್ಟೆಯೇ ಅವನು. ಯೂನಿಫಾರಂ ಮನುಷ್ಯನ ಗುರುತನ್ನು ಹೇಳುತ್ತದೆ ಎಂಬುದು ನಿಜ. ಮನುಷ್ಯನನ್ನು ಮರೆಮಾಡುತ್ತದೆ ಎಂಬುದೂ ಅಷ್ಟೇ ನಿಜ. ಆ ಮರೆಯನ್ನು ಸರಿಸಲು ಹೆಚ್ಚಿನ ಶ್ರಮವೇನೂ ಬೇಕಿಲ್ಲ. ಒಮ್ಮೆ ನಿಂತು, "ಯಾವ ಊರು ನಿಮ್ಮದು?" ಎಂದು ಕೇಳಿದರೆ ಸಾಕು.

ಏಕರೂಪವಿದ್ದೂ ಸಮತೆ ಇಲ್ಲದಿರಬಹುದಾದರೆ, ಏಕರೂಪವಿಲ್ಲದೆಯೂ ಸಮತೆ ಇರಬಹುದೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ದೂರ ಹೋಗಬೇಕಾಗಿಲ್ಲ. ಕೊಡೇಕಲ್ಲಿನ ಹೆಸರನ್ನು ನ���ಡಿಗೆಲ್ಲ ಪರಿಚಯಿಸಿದವರು 16ನೆಯ ಶತಮಾನದ ಸಂತ ಕೊಡೇಕಲ್ ಬಸವಣ್ಣನವರು. ಕಾಲಜ್ಞಾನದ ವಚನಗಳಿಂದ ಪ್ರಸಿದ್ಧರಾದ ಇವರ ಪರಂಪರೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ದೂರದ ಮೈಸೂರು ಸೀಮೆಯ ಮಂಟೇಸ್ವಾಮಿ ಪರಂಪರೆಯೂ ತನ್ನ ಕಥೆಯ ಎಳೆಯನ್ನು ಕೊಡೇಕಲ್ಲಿನೊಡನೆ ಜೋಡಿಸಿಕೊಂಡಿದೆ. ಅಲ್ಲಿಗೆ ಬರುವವರಿಗೆ ಗೊತ್ತುಪಡಿಸಿದ ಉಡುಪು ಇಲ್ಲ. ಹೊಲದಿಂದ ಬಂದವನ ತಲೆಯ ಮೇಲೆ ರುಮಾಲು. ಪೇಟೆಯಿಂದ ಬಂದವನ ಮೈಮೇಲೆ ಪ್ಯಾಂಟು. ಒಬ್ಬಾಕೆ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದೆದಿದ್ದರೆ, ಇನ್ನೊಬ್ಬನು ಬಿಳಿಯ ಟೋಪಿಯನ್ನು ಧರಿಸಿದ್ದಾನೆ. ಬಟ್ಟೆ ನೂರು ಬಗೆ; ಬಾಗುವ ತಲೆ ಒಂದೇ ಬಗೆ. ಇಲ್ಲಿ ಏಕರೂಪವಿಲ್ಲ, ಆದರೆ ಗದ್ದುಗೆಯ ಮುಂದೆ ಒಬ್ಬರ ಭಕ್ತಿ ಇನ್ನೊಬ್ಬರ ಭಕ್ತಿಗಿಂತ ಕಡಮೆಯದಲ್ಲ ಎಂಬ ನಂಬಿಕೆಯಿದೆ. ಸಮ ಎಂಬ ಮಾತಿಗೆ ಏಕ ಎಂಬ ಮಾತಿನ ಊರೆಗೋಲು ಅನಿವಾರ್ಯವಲ್ಲವೆಂಬುದನ್ನು ಈ ನೆಲ ಬಹು ಹಿಂದೆಯೇ ಕಂಡುಕೊಂಡಿತ್ತು.

ಹಾಗೆಂದ ಮಾತ್ರಕ್ಕೆ ಶಾಲೆಯ ಸಮವಸ್ತ್ರವು ವ್ಯರ್ಥವೆಂದು ತಿಳಿಯಬಾರದು. ಗದ್ದುಗೆಯ ಮುಂದೆ ಮನುಷ್ಯನು ನಿಲ್ಲುವುದು ಕೆಲವು ನಿಮಿಷ. ಶಾಲೆಯಲ್ಲಿ ಮಗು ಕುಳಿತುಕೊಳ್ಳುವುದು ಹಲವು ವರ್ಷ. ಭಕ್ತಿಯು ಮರೆಸುವ ಭೇದಗಳನ್ನು ಊರಿನ ದೈನಂದಿನ ಜೀವನ ಮತ್ತೆ ಮತ್ತೆ ನೆನಪಿಸುತ್ತದೆ. ಆ ನೆನಪನ್ನು ದಿನಕ್ಕೆ ಕೆಲವು ಗಂಟೆಗಳ ಮಟ್ಟಿಗಾದರೂ ಬದಿಗಿರಿಸಲು ಒಂದು ಬಟ್ಟೆ ನೆರವಾಗುವುದಾದರೆ ಅದು ಆದರಣೀಯವೇ. ಆದರೆ ಬಟ್ಟೆ ಮಾಡಬಲ್ಲುದು ಅಷ್ಟನ್ನೇ. ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತವನಿಗೆ ಜಾಗ ಬಿಡುವುದನ್ನು, ಒಂದೇ ತಂಬಿಗೆಯ ನೀರನ್ನು ಹಂಚಿಕೊಳ್ಳುವುದನ್ನು, ಹಿಂದುಳಿದವನಿಗೆ ಲೆಕ್ಕ ಹೇಳಿಕೊಡುವುದನ್ನು ಬಟ್ಟೆ ಕಲಿಸುವುದಿಲ್ಲ. ಅದನ್ನು ತೊಟ್ಟವರೇ ಕಲಿಯಬೇಕು.

ಸಮವಸ್ತ್ರಕ್ಕೂ ಒಂದು ಆಯುಸ್ಸು ಇದೆ. ಅಣ್ಣನಿಂದ ತಮ್ಮನಿಗೆ ಬಂದು, ತಮ್ಮನಿಗೂ ಚಿಕ್ಕದಾದ ಅಂಗಿಯನ್ನು ಈ ಸೀಮೆಯ ಹೆಣ್ಣುಮಕ್ಕಳು ಎಸೆಯುವುದಿಲ್ಲ. ಅದನ್ನು ಬಿಚ್ಚಿ, ಒಗೆದು, ಚೌಕ ಚೌಕವಾಗಿ ಕತ್ತರಿಸಿ ಕೌದಿಗೆ ಸೇರಿಸುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ಮನೆಯ ಅಂಗಳದಲ್ಲಿ ನಾಲ್ಕಾರು ಜನ ಸುತ್ತಲೂ ಕುಳಿತು ಸೂಜಿ ದಾರಗಳಿಂದ ಸಾಲು ಸಾಲಾಗಿ ಹೊಲಿಯುತ್ತಾರೆ. ಅಜ್ಜಿಯ ಇಳಕಲ್ ಸೀರೆಯ ತುಂಡು, ಅಪ್ಪನ ಹಳೆಯ ಧೋತರದ ತುಂಡು, ಮದುವೆಯ ಕುಪ್ಪಸದ ತುಂಡು, ಇವುಗಳ ನಡುವೆ ಮಾಸಿದ ಶಾಲೆಯ ಅಂಗಿಯ ಒಂದು ತುಂಡೂ ತನ್ನ ಸ್ಥಾನವನ್ನು ಪಡೆಯುತ್ತದೆ. ಅಲ್ಲಿ ಯಾವ ತುಂಡೂ ಇನ್ನೊಂದರಂತಿಲ್ಲ. ಆದರೆ ಒಂದೇ ದಾರ ಎಲ್ಲವನ್ನೂ ಹಾದುಹೋಗಿದೆ. ಚಳಿಯ ರಾತ್ರಿಯಲ್ಲಿ ಎಲ್ಲ ತುಂಡುಗಳೂ ಸಮನಾಗಿ ಬೆಚ್ಚಗಿಡುತ್ತವೆ. ಯೂನಿಫಾರಂ ಎಂಬ ಇಂಗ್ಲಿಷ್ ಮಾತಿನ ಅರ್ಥವನ್ನು ನಿಘಂಟಿನಲ್ಲಿ ನೋಡಿ ತಿಳಿಯಬಹುದು. ಸಮವಸ್ತ್ರ ಎಂಬ ಕನ್ನಡದ ಮಾತಿನ ಅರ್ಥವನ್ನು ಮಾತ್ರ, ಅದನ್ನು ತೊಟ್ಟ ಮಕ್ಕಳು ತಮ್ಮ ನಡತೆಯಿಂದ ಬರೆಯಬೇಕಾಗಿದೆ.